ಬೇಸ್‌ಬಾಲ್ ಆಟದಲ್ಲಿ ಅಡ್ಡಿಯ ನಿಯಮ



ಈ ವರ್ಷದ ಅಂತರಶಾಲಾ ಸ್ಪರ್ಧೆಯಲ್ಲಿ ನಮ್ಮ ಶಾಲೆಯ ಬೇಸ್‌ಬಾಲ್ ತಂಡವು ಒಂದೇ ಒಂದು ರನ್ನಿನಿಂದ ಸೋತು ಹಿಂದಿರುಗಿದ ಸಂಗತಿಯು ನಿಮಗೆಲ್ಲ ತಿಳಿದಿದೆ. ಆ ರನ್ನು ಬಂದ ಬಗೆಯನ್ನು ಕುರಿತು ಊರಿನಲ್ಲಿ ಹಲವು ದಿನ ಚರ್ಚೆ ನಡೆಯಿತು. ನಡೆದದ್ದು ಇಷ್ಟು. ಉಭಯ ತಂಡಗಳೂ ಸಮಸಮವಾಗಿದ್ದವು. ಕೊನೆಯ ಸರದಿ ನಡೆದಿತ್ತು. ಎದುರಾಳಿಗಳ ಒಬ್ಬ ಓಟಗಾರನು ಎರಡನೆಯ ಬೇಸಿನಲ್ಲಿದ್ದನು. ಬ್ಯಾಟಿನ ಹೊಡೆತದಿಂದ ಚೆಂಡು ನೆಲಕ್ಕೆ ತಾಗಿಕೊಂಡು ರಭಸದಿಂದ ಬಂದಿತು. ಮೂರನೆಯ ಬೇಸನ್ನು ಕಾಯುತ್ತಿದ್ದ ನಮ್ಮ ಒಂಬತ್ತನೆಯ ಇಯತ್ತೆಯ ಹುಡುಗನು ಅದನ್ನು ಹಿಡಿಯಲು ಮೈಚಾಚಿ ಹಾರಿದನು. ಚೆಂಡು ಕೈಗೆ ಸಿಗದೆ ಹಿಂದಕ್ಕೆ ಹೋಯಿತು. ಹುಡುಗನು ಬಿದ್ದಲ್ಲೇ ಇದ್ದನು. ಓಡಿ ಬಂದ ಎದುರಾಳಿಯು ಅವನ ಬೆನ್ನಿಗೆ ಕಾಲು ತೊಡರಿ ಮುಗ್ಗರಿಸಿ, ಎದ್ದು, ಬೇಸನ್ನು ಮುಟ್ಟಿ ಹೋಮ್ ಪ್ಲೇಟಿನ ಕಡೆಗೆ ಓಡಿದನು. ಅಷ್ಟರಲ್ಲಿ ಚೆಂಡು ನಮ್ಮ ಕ್ಯಾಚರನ ಕೈ ಸೇರಿತ್ತು. ಓಟಗಾರನು ಪ್ಲೇಟನ್ನು ಮುಟ್ಟುವ ಮೊದಲೇ ಕ್ಯಾಚರನು ಅವನನ್ನು ಮುಟ್ಟಿದನು. ಆದರೂ ಅಂಪೈರರು ಅವನನ್ನು ಔಟ್ ಎನ್ನಲಿಲ್ಲ. ‘ಅಡ್ಡಿಯಾಯಿತು’ ಎಂದು ಹೇಳಿ ರನ್ನನ್ನು ಕೊಟ್ಟರು. ಪಂದ್ಯವು ಮುಗಿಯಿತು.

ಆ ಸಂಜೆ ಬಸ್ಸಿನಲ್ಲಿ ಆ ಹುಡುಗನು ಯಾರೊಡನೆಯೂ ಮಾತನಾಡಲಿಲ್ಲ. ಎರಡು ದಿನಗಳ ಅನಂತರ ಅವನ ತಂದೆಯವರು ನನ್ನ ಕೋಣೆಗೆ ಬಂದರು. ಹೊಲದ ಕೆಲಸವನ್ನು ಬಿಟ್ಟು ಬಂದವರು ಕುಳಿತುಕೊಳ್ಳಲೂ ಒಪ್ಪಲಿಲ್ಲ. “ಗುರುಗಳೇ, ಊರಾಗ ಮಂದಿ ಏನೇನೋ ಅಂತಾರ್ರಿ. ನನ್ನ ಮಗ ಖರೇನ ಮೋಸ ಮಾಡ್ಯಾನೇನ್ರಿ?” ಎಂದು ಕೇಳಿದರು.

ನಾನು ಅಂದು ನಾಲ್ಕು ಸಮಾಧಾನದ ಮಾತು ಹೇಳಿ ಅವರನ್ನು ಕಳುಹಿಸಿದೆನು. ನಿಜ ಹೇಳಬೇಕಾದರೆ, ಆ ಹೊತ್ತಿಗೆ ನನಗೂ ಉತ್ತರವು ಸ್ಪಷ್ಟವಾಗಿ ತಿಳಿದಿರಲಿಲ್ಲ. ಪಂದ್ಯದ ದಿನ ಅಂಪೈರರ ತೀರ್ಪನ್ನು ಕೇಳಿ ಒಳಗೊಳಗೇ ಕುದಿದವರಲ್ಲಿ ನಾನೂ ಒಬ್ಬನು. ಆಮೇಲೆ ನಿಯಮದ ಪುಸ್ತಕವನ್ನು ತರಿಸಿ ಸಾವಕಾಶವಾಗಿ ಓದಿದೆನು. ಓದಿದ ಮೇಲೆ ತಿಳಿದದ್ದನ್ನು ಈ ಸಂಚಿಕೆಯ ಮೂಲಕ ನಿಮ್ಮೆಲ್ಲರ ಮುಂದೆ ಇಡುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ. ಆ ತಂದೆಯ ಪ್ರಶ್ನೆಗೆ ಉತ್ತರವು ಈ ಪಾಠದ ಕೊನೆಯಲ್ಲಿದೆ.

೧. ಆಟದ ಸ್ಥೂಲ ಪರಿಚಯ

ಬೇಸ್‌ಬಾಲ್ ಅಮೆರಿಕದಲ್ಲಿ ಬೆಳೆದು ಜಪಾನ್, ಕ್ಯೂಬಾ ಮೊದಲಾದ ದೇಶಗಳಲ್ಲಿ ಬಹು ಜನಪ್ರಿಯವಾದ ಆಟ. ಕ್ರಿಕೆಟ್ಟನ್ನು ಬಲ್ಲವರಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ಪ್ರತಿಯೊಂದು ತಂಡದಲ್ಲಿ ೯ ಮಂದಿ ಇರುತ್ತಾರೆ. ಮೈದಾನದ ಒಳಭಾಗದಲ್ಲಿ ೯೦ ಅಡಿ ಬದಿಯುಳ್ಳ ಒಂದು ಚೌಕವಿರುತ್ತದೆ. ಅದರ ಒಂದು ಮೂಲೆಗೆ ಹೋಮ್ ಪ್ಲೇಟ್ ಎಂದು ಹೆಸರು. ಉಳಿದ ಮೂರು ಮೂಲೆಗಳು ಒಂದನೆಯ, ಎರಡನೆಯ ಮತ್ತು ಮೂರನೆಯ ಬೇಸುಗಳು. ಪಿಚರನು ಎಸೆದ ಚೆಂಡನ್ನು ಬ್ಯಾಟರನು ಹೋಮ್ ಪ್ಲೇಟಿನ ಬಳಿ ನಿಂತು ಹೊಡೆಯುತ್ತಾನೆ. ಹೊಡೆದು ಒಂದನೆಯ ಬೇಸಿನ ಕಡೆಗೆ ಓಡುತ್ತಾನೆ. ಒಂದೊಂದಾಗಿ ಮೂರೂ ಬೇಸುಗಳನ್ನು ಮುಟ್ಟಿ ಮರಳಿ ಹೋಮ್ ಪ್ಲೇಟನ್ನು ಸೇರಿದರೆ ತಂಡಕ್ಕೆ ಒಂದು ರನ್ನು. ನಡುವೆ ಯಾವುದಾದರೂ ಒಂದು ಬೇಸಿನಲ್ಲಿ ನಿಂತು, ಮುಂದಿನ ಬ್ಯಾಟರನ ಹೊಡೆತಕ್ಕಾಗಿ ಕಾಯಲೂಬಹುದು.

ಹೊಡೆದ ಚೆಂಡು ನೆಲಕ್ಕೆ ತಾಗುವ ಮೊದಲೇ ಯಾರಾದರೂ ಹಿಡಿದರೆ ಬ್ಯಾಟರನು ಔಟ್. ಅವನು ಒಂದನೆಯ ಬೇಸನ್ನು ತಲುಪುವ ಮೊದಲೇ ಚೆಂಡು ಆ ಬೇಸನ್ನು ಕಾಯುವವನ ಕೈ ಸೇರಿ, ಅವನು ಬೇಸನ್ನು ಮುಟ್ಟಿದರೂ ಔಟ್. ಬೇಸಿನಿಂದ ದೂರವಿರುವ ಓಟಗಾರನನ್ನು ಚೆಂಡು ಹಿಡಿದ ಕೈಯಿಂದ ಮುಟ್ಟಿದರೆ ಆಗಲೂ ಔಟ್. ಹೀಗೆ ಮೂವರು ಔಟಾದರೆ ತಂಡದ ಸರದಿ ಮುಗಿಯಿತು.

ಇಲ್ಲಿ ಒಂದು ವಿಶೇಷವನ್ನು ಗಮನಿಸತಕ್ಕದ್ದು. ಓಟಗಾರನು ಎಲ್ಲಿಗೆ ಓಡಬೇಕೋ ಅಲ್ಲಿಯೇ, ಅಂದರೆ ಬೇಸುಗಳ ಹತ್ತಿರವೇ, ಎದುರು ತಂಡದ ಕ್ಷೇತ್ರರಕ್ಷಕರೂ ನಿಲ್ಲಬೇಕಾಗುತ್ತದೆ. ಚೆಂಡು ಬರುವುದೂ ಅಲ್ಲಿಗೇ. ಒಂದೇ ಸ್ಥಳಕ್ಕೆ ಇಬ್ಬರು ಹಕ್ಕುದಾರರು. ಒಬ್ಬನು ಓಡಬೇಕು, ಇನ್ನೊಬ್ಬನು ಹಿಡಿಯಬೇಕು. ಇಬ್ಬರ ಕೆಲಸವೂ ನ್ಯಾಯವಾದದ್ದೇ. ಹಾಗಾದರೆ ಆ ಕ್ಷಣದಲ್ಲಿ ದಾರಿ ಯಾರದು? ಈ ಪ್ರಶ್ನೆಯಿಂದಲೇ ಅಡ್ಡಿಯ ನಿಯಮವು ಹುಟ್ಟುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಆಬ್‌ಸ್ಟ್ರಕ್ಷನ್’ ಎನ್ನುತ್ತಾರೆ.

೨. ದಾರಿ ಯಾರದು?

ನಿಯಮದ ತಿರುಳನ್ನು ಹೀಗೆ ಹೇಳಬಹುದು: ಕೈಯಲ್ಲಿ ಚೆಂಡಿಲ್ಲದ ಮತ್ತು ಚೆಂಡನ್ನು ಹಿಡಿಯುವ ಕಾರ್ಯದಲ್ಲಿಯೂ ಇಲ್ಲದ ಕ್ಷೇತ್ರರಕ್ಷಕನು ಓಟಗಾರನ ಮುನ್ನಡೆಗೆ ತಡೆಯಾದರೆ ಅದು ಅಡ್ಡಿ.

ಇದರಲ್ಲಿ ಮೂರು ಅಂಶಗಳಿವೆ. ಒಂದೊಂದನ್ನೂ ಬಿಡಿಸಿ ನೋಡೋಣ.

ಮೊದಲನೆಯದು, ಚೆಂಡು ಕೈಯಲ್ಲಿರುವುದು. ಚೆಂಡನ್ನು ಹಿಡಿದವನು ಓಟಗಾರನ ದಾರಿಯಲ್ಲಿ ನಿಂತು ಅವನನ್ನು ಮುಟ್ಟಬಹುದು. ಅದು ಅವನ ಕೆಲಸವೇ ಆಗಿದೆ. ಅದರಲ್ಲಿ ಅಡ್ಡಿಯ ಮಾತಿಲ್ಲ.

ಎರಡನೆಯದು, ಚೆಂಡನ್ನು ಹಿಡಿಯುವ ಕಾರ್ಯ. ಬ್ಯಾಟಿನಿಂದ ಹೊಡೆದ ಚೆಂಡು ತನ್ನ ಕಡೆಗೆ ಬರುತ್ತಿರುವಾಗ ಅದನ್ನು ಹಿಡಿಯಲು ಹೋಗುವವನಿಗೆ ದಾರಿ ಬಿಡತಕ್ಕದ್ದು ಓಟಗಾರನ ಹೊಣೆ. ಓಟಗಾರನು ಅವನಿಗೆ ಡಿಕ್ಕಿ ಹೊಡೆದರೆ ಓಟಗಾರನೇ ಔಟ್. ಆ ತಪ್ಪಿಗೆ ಅಡ್ಡಿ ಎನ್ನುವುದಿಲ್ಲ, ‘ಇಂಟರ್‌ಫಿಯರೆನ್ಸ್’ ಎನ್ನುತ್ತಾರೆ. ಕನ್ನಡದಲ್ಲಿ ಹಸ್ತಕ್ಷೇಪವೆನ್ನೋಣ. ಇನ್ನು, ಜೊತೆಗಾರನು ಎಸೆದ ಚೆಂಡು ನೇರವಾಗಿ ತನ್ನತ್ತಲೇ ಬಂದು ತೀರ ಸಮೀಪಿಸಿದ್ದು, ಅದನ್ನು ಹಿಡಿಯಲು ಅಲ್ಲಿಯೇ ನಿಲ್ಲಬೇಕಾದ ಪ್ರಸಂಗವಿದ್ದರೆ, ಆಗಲೂ ಅವನು ಹಿಡಿಯುವ ಕಾರ್ಯದಲ್ಲಿದ್ದಾನೆಂದು ಅಂಪೈರರು ಭಾವಿಸಬಹುದು. ಆದರೆ ಈ ರಕ್ಷಣೆಯು ಬಹು ಚಿಕ್ಕ ಅವಧಿಯದು. ಹಿಡಿಯಲು ಯತ್ನಿಸಿ, ಚೆಂಡು ತಪ್ಪಿಹೋಯಿತೋ, ಅವನ ಕಾರ್ಯವು ಅಲ್ಲಿಗೆ ಮುಗಿಯಿತು. ಅನಂತರ ದಾರಿ ಓಟಗಾರನದು. ಹಿಡಿಯಲು ಹಾರಿ ಬಿದ್ದವನು, ಚೆಂಡು ದಾಟಿ ಹೋದ ಮೇಲೂ ನೆಲದ ಮೇಲೆಯೇ ಇದ್ದು ಓಟಗಾರನನ್ನು ತಡಮಾಡಿಸಿದರೆ, ಅದು ಬಹುಮಟ್ಟಿಗೆ ಅಡ್ಡಿಯೇ ಎಂದು ನಿಯಮದ ವಿವರಣೆಯಲ್ಲಿ ಉದಾಹರಣೆಯನ್ನೇ ಕೊಟ್ಟಿದ್ದಾರೆ.

ಮೂರನೆಯದು, ತಡೆ. ಮೈಗೆ ಮೈ ತಾಗಲೇಬೇಕೆಂಬ ನಿರ್ಬಂಧವಿಲ್ಲ. ಎದುರಿಗೆ ನಿಂತವನನ್ನು ತಪ್ಪಿಸಲು ಓಟಗಾರನು ವೇಗವನ್ನು ಕುಗ್ಗಿಸಬೇಕಾದರೆ, ಅಥವಾ ಸುತ್ತು ಬಳಸಿ ಓಡಬೇಕಾದರೆ, ಅಷ್ಟಕ್ಕೇ ಅಡ್ಡಿಯಾಗುತ್ತದೆ.

ಈ ಮೂರು ಅಂಶಗಳನ್ನು ಮತ್ತೊಮ್ಮೆ ಓದಿರಿ. ‘ಬೇಕೆಂದು’, ‘ದುರುದ್ದೇಶದಿಂದ’ ಎಂಬ ಮಾತು ಇವುಗಳಲ್ಲಿ ಎಲ್ಲಿಯೂ ಇಲ್ಲ. ಈ ಸಂಗತಿಯು ಮುಂದೆ ನಮಗೆ ಬೇಕಾಗುವುದು.

೩. ಅಡ್ಡಿಯಲ್ಲಿ ಎರಡು ಬಗೆ

ಅಡ್ಡಿಯಾದಾಗ ಅಂಪೈರರು ಏನು ಮಾಡಬೇಕೆಂಬುದು ಸಂದರ್ಭವನ್ನು ಅವಲಂಬಿಸಿದೆ.

ಮೊದಲನೆಯ ಬಗೆಯಲ್ಲಿ, ಅಡ್ಡಿಗೊಳಗಾದ ಓಟಗಾರನನ್ನೇ ಔಟ್ ಮಾಡುವ ಯತ್ನವು ಅದೇ ಕ್ಷಣದಲ್ಲಿ ನಡೆದಿರುತ್ತದೆ. ಉದಾಹರಣೆಗೆ, ಒಂದನೆಯ ಮತ್ತು ಎರಡನೆಯ ಬೇಸುಗಳ ನಡುವೆ ಓಟಗಾರನೊಬ್ಬನು ಸಿಕ್ಕಿಬಿದ್ದಿದ್ದಾನೆ. ಇಬ್ಬರು ಕ್ಷೇತ್ರರಕ್ಷಕರು ಚೆಂಡನ್ನು ಅತ್ತಿತ್ತ ಎಸೆಯುತ್ತ ಅವನನ್ನು ಅಟ್ಟುತ್ತಿದ್ದಾರೆ. ಚೆಂಡನ್ನು ಕೊಟ್ಟುಬಿಟ್ಟ ಒಬ್ಬನು ದಾರಿಯನ್ನು ಬಿಡದೆ ಅವನಿಗೆ ಅಡ್ಡವಾದನು. ಆಗ ಅಂಪೈರರು ಎರಡೂ ಕೈಗಳನ್ನೆತ್ತಿ ಕೂಡಲೆ ಆಟವನ್ನು ನಿಲ್ಲಿಸುತ್ತಾರೆ. ಓಟಗಾರನು ಅಡ್ಡಿಗೆ ಮೊದಲು ನಿಯಮಪ್ರಕಾರ ಮುಟ್ಟಿದ ಬೇಸಿನಿಂದ ಕನಿಷ್ಠ ಒಂದು ಬೇಸಾದರೂ ಮುಂದಕ್ಕೆ ಹೋಗುತ್ತಾನೆ. ಈ ಉದಾಹರಣೆಯಲ್ಲಿ ಅವನಿಗೆ ಎರಡನೆಯ ಬೇಸು ದೊರೆಯುತ್ತದೆ. ಬ್ಯಾಟರನು ಒಂದನೆಯ ಬೇಸನ್ನು ಮುಟ್ಟುವ ಮುನ್ನ ಅಡ್ಡಿಯಾದರೂ ಇದೇ ಕ್ರಮ.

ಎರಡನೆಯ ಬಗೆಯಲ್ಲಿ, ಅಡ್ಡಿಯಾದ ಕ್ಷಣದಲ್ಲಿ ಆ ಓಟಗಾರನನ್ನು ಔಟ್ ಮಾಡುವ ಯತ್ನವು ನಡೆದಿರುವುದಿಲ್ಲ. ಚೆಂಡು ಬೇರೆಲ್ಲೋ ಇರುತ್ತದೆ. ಆಗ ಅಂಪೈರರು ಅಡ್ಡಿಯಾದ ಸ್ಥಳದ ಕಡೆಗೆ ಕೈ ತೋರಿಸಿ ‘ಇದು ಅಡ್ಡಿ’ ಎಂದು ಸಾರುತ್ತಾರೆ, ಆದರೆ ಆಟವನ್ನು ನಿಲ್ಲಿಸುವುದಿಲ್ಲ. ಆಟವು ತಾನಾಗಿ ನಿಂತ ಮೇಲೆ ತೀರ್ಪು ಕೊಡುತ್ತಾರೆ. ಆ ತೀರ್ಪಿನ ಅಳತೆಗೋಲು ಒಂದೇ: ಅಡ್ಡಿಯಾಗದೆ ಇದ್ದಿದ್ದರೆ ಈ ಓಟಗಾರನು ಎಲ್ಲಿಗೆ ತಲುಪುತ್ತಿದ್ದನು? ಅಲ್ಲಿಗೆ ಅವನನ್ನು ತಲುಪಿಸಬೇಕು. ಅದಕ್ಕಿಂತ ಹಿಂದೆಯೂ ಬೇಡ, ಮುಂದೆಯೂ ಬೇಡ. ತನಗೆ ಸಲ್ಲಬೇಕಾದ ಬೇಸನ್ನು ಮೀರಿ ಅವನು ಓಡಿದರೆ ಅದು ಅವನ ಸ್ವಂತ ಹೊಣೆ. ಅಲ್ಲಿ ಔಟಾದರೆ ಔಟಾದಂತೆಯೇ.

ಅಂದಮೇಲೆ ಈ ನಿಯಮದಲ್ಲಿ ದಂಡವೆಂಬುದು ಹೆಸರಿಗೆ ಮಾತ್ರ. ಅಡ್ಡಿಮಾಡಿದವನನ್ನು ಮೈದಾನದಿಂದ ಹೊರಗೆ ಹಾಕುವುದಿಲ್ಲ, ಅವನ ತಂಡದ ರನ್ನುಗಳನ್ನು ಕಳೆಯುವುದಿಲ್ಲ. ಆದ ನಷ್ಟವನ್ನು ಅಳಿಸಿಹಾಕಿ, ಅದು ಆಗಲೇ ಇಲ್ಲವೆಂಬಂತೆ ಆಟವನ್ನು ಸರಿಪಡಿಸುವುದೇ ಇದರ ಗುರಿ.

೪. ೨೦೧೩ರ ಪ್ರಸಿದ್ಧ ಪ್ರಸಂಗ

ಅಮೆರಿಕದ ವೃತ್ತಿಪರ ಬೇಸ್‌ಬಾಲಿನಲ್ಲಿ ವರ್ಷದ ಕೊನೆಗೆ ನಡೆಯುವ ಅಂತಿಮ ಸರಣಿಗೆ ‘ವರ್ಲ್ಡ್ ಸೀರೀಸ್’ ಎಂದು ಹೆಸರು. ೭ ಪಂದ್ಯಗಳಲ್ಲಿ ಮೊದಲು ೪ನ್ನು ಗೆದ್ದವರೇ ವಿಜಯಿಗಳು. ೨೦೧೩ರಲ್ಲಿ ಬಾಸ್ಟನ್ ನಗರದ ರೆಡ್ ಸಾಕ್ಸ್ ತಂಡಕ್ಕೂ ಸೇಂಟ್ ಲೂಯಿಸ್ ನಗರದ ಕಾರ್ಡಿನಲ್ಸ್ ತಂಡಕ್ಕೂ ಈ ಸರಣಿಯು ನಡೆಯಿತು. ಮೊದಲಿನ ಎರಡು ಪಂದ್ಯಗಳಲ್ಲಿ ಒಂದೊಂದನ್ನು ಗೆದ್ದಿದ್ದರು. ಮೂರನೆಯ ಪಂದ್ಯವು ಅಕ್ಟೋಬರ್ ೨೬ರಂದು ಸೇಂಟ್ ಲೂಯಿಸಿನಲ್ಲಿ ನಡೆಯಿತು.

ಒಂಬತ್ತನೆಯ ಸರದಿಯ ಉತ್ತರಾರ್ಧ. ಎರಡೂ ತಂಡಗಳು ೪-೪ರ ಸಮದಲ್ಲಿವೆ. ಕಾರ್ಡಿನಲ್ಸ್ ಬ್ಯಾಟು ಮಾಡುತ್ತಿದ್ದಾರೆ, ಒಬ್ಬನು ಔಟಾಗಿದ್ದಾನೆ. ಮೂರನೆಯ ಬೇಸಿನಲ್ಲಿ ಮೋಲಿನಾ, ಎರಡನೆಯದರಲ್ಲಿ ಆಲನ್ ಕ್ರೇಗ್. ಕ್ರೇಗನ ಕಾಲಿಗೆ ಹಿಂದಿನ ತಿಂಗಳಷ್ಟೇ ಪೆಟ್ಟಾಗಿದ್ದು ಅವನು ಇನ್ನೂ ಕುಂಟುತ್ತಿದ್ದನು. ಬ್ಯಾಟರ್ ಜಾನ್ ಜೇ ಹೊಡೆದ ಚೆಂಡನ್ನು ಬಾಸ್ಟನ್ನಿನ ಪೆಡ್ರೋಯಾ ಹಾರಿ ಹಿಡಿದು ಹೋಮ್ ಪ್ಲೇಟಿಗೆ ಎಸೆದನು. ಕ್ಯಾಚರನು ಮೋಲಿನಾನನ್ನು ಮುಟ್ಟಿ ಔಟ್ ಮಾಡಿದನು. ಅಷ್ಟಕ್ಕೆ ತೃಪ್ತನಾಗದೆ, ಮೂರನೆಯ ಬೇಸಿಗೆ ಓಡುತ್ತಿದ್ದ ಕ್ರೇಗನನ್ನೂ ಔಟ್ ಮಾಡಲು ಅಲ್ಲಿಗೆ ಚೆಂಡನ್ನು ಎಸೆದನು. ಎಸೆತವು ಗುರಿ ತಪ್ಪಿತು.

ಮೂರನೆಯ ಬೇಸನ್ನು ಕಾಯುತ್ತಿದ್ದ ವಿಲ್ ಮಿಡಲ್‌ಬ್ರೂಕ್ಸ್ ಚೆಂಡಿಗಾಗಿ ಹಾರಿ, ಹಿಡಿಯಲಾರದೆ, ಬೋರಲು ಬಿದ್ದನು. ಚೆಂಡು ಎಡಗಡೆಯ ಹೊರಮೈದಾನಕ್ಕೆ ಉರುಳಿತು. ಜಾರಿ ಬಂದು ಬೇಸನ್ನು ಸೇರಿದ್ದ ಕ್ರೇಗ್ ಎದ್ದು ಹೋಮ್ ಪ್ಲೇಟಿನ ಕಡೆಗೆ ಹೊರಟನು. ಬಿದ್ದಿದ್ದ ಮಿಡಲ್‌ಬ್ರೂಕ್ಸನ ಮೇಲೆ ದಾಟುವಾಗ ಎಡವಿ ನೆಲಕ್ಕೆ ಬಿದ್ದನು. ಮತ್ತೆ ಎದ್ದು ಕುಂಟುತ್ತ ಓಡಿದನು. ಅಷ್ಟರಲ್ಲಿ ಹೊರಮೈದಾನದಿಂದ ಚೆಂಡು ಬಂದು ಕ್ಯಾಚರನ ಕೈ ಸೇರಿತು. ಕ್ಯಾಚರನು ಕ್ರೇಗನನ್ನು ಮುಟ್ಟಿದನು. ನೋಡಿದವರೆಲ್ಲ ಔಟೆಂದೇ ತಿಳಿದರು. ಆದರೆ ಪ್ಲೇಟಿನ ಅಂಪೈರ್ ಡೇನಾ ಡಿಮ್ಯೂತ್ ಅವರು ಎರಡೂ ಕೈಗಳನ್ನು ಚಾಚಿ ‘ಸೇಫ್’ ಎಂದು ತೋರಿಸಿ, ಮೂರನೆಯ ಬೇಸಿನ ಕಡೆಗೆ ಬೆರಳು ಮಾಡಿದರು. ಅಲ್ಲಿದ್ದ ಅಂಪೈರ್ ಜಿಮ್ ಜಾಯ್ಸ್ ಅವರು ಕ್ರೇಗ್ ಎಡವಿದ ಕೂಡಲೆ ಅಡ್ಡಿಯನ್ನು ಸಾರಿದ್ದರು. ಪಂದ್ಯವು ೫-೪ರಿಂದ ಕಾರ್ಡಿನಲ್ಸ್‌ಗೆ ದಕ್ಕಿತು. ವರ್ಲ್ಡ್ ಸೀರೀಸಿನ ಪಂದ್ಯವೊಂದು ಅಡ್ಡಿಯ ತೀರ್ಪಿನಿಂದ ಮುಗಿದದ್ದು ಅದೇ ಮೊದಲು.

ಮಿಡಲ್‌ಬ್ರೂಕ್ಸನ ಕಾಲುಗಳು ಆ ಹೊತ್ತಿನಲ್ಲಿ ಮೇಲೆದ್ದದ್ದು ಚಿತ್ರದಲ್ಲಿ ಕಾಣುತ್ತದೆ. ಬೇಕೆಂದೇ ಎತ್ತಿದನೆಂದು ಕೆಲವರೆಂದರು. ಏಳುವ ಯತ್ನದಲ್ಲಿ ಎದ್ದವೆಂದು ಕೆಲವರೆಂದರು. ಅಂಪೈರರಿಗೆ ಆ ಚರ್ಚೆಯೇ ಬೇಕಿರಲಿಲ್ಲ. ಚೆಂಡು ದಾಟಿ ಹೋಗಿತ್ತು, ಅವನ ಕೈಯಲ್ಲಿ ಚೆಂಡಿರಲಿಲ್ಲ, ಅವನ ದೇಹವು ಓಟಗಾರನ ದಾರಿಯಲ್ಲಿತ್ತು, ಓಟಗಾರನು ಎಡವಿದನು. ಇಷ್ಟೇ ಸಾಕು. ಎಡವದಿದ್ದರೆ ಕ್ರೇಗ್ ಮನೆ ಸೇರುತ್ತಿದ್ದನೆಂಬುದು ಅವರ ನಿರ್ಣಯ.

ಇದೇ ಜಾಯ್ಸ್ ಅವರ ವಿಷಯದಲ್ಲಿ ಇನ್ನೊಂದು ಮಾತನ್ನು ಹೇಳದೆ ಮುಂದುವರಿಯಲಾರೆ. ೨೦೧೦ರ ಜೂನ್ ೨ರಂದು ಅವರು ಒಂದನೆಯ ಬೇಸಿನಲ್ಲಿ ತಪ್ಪು ತೀರ್ಪು ಕೊಟ್ಟದ್ದರಿಂದ, ಸತತವಾಗಿ ೨೬ ಮಂದಿಯನ್ನು ಔಟ್ ಮಾಡಿದ್ದ ಡೆಟ್ರಾಯಿಟಿನ ಪಿಚರ್ ಗಾಲರ‍್ರಾಗನಿಗೆ, ಎಲ್ಲ ೨೭ ಮಂದಿಯನ್ನೂ ಸಾಲಾಗಿ ಔಟ್ ಮಾಡುವ ಅತಿ ವಿರಳವಾದ ಸಾಧನೆಯು ಕೈ ತಪ್ಪಿತು. ಪಂದ್ಯದ ಅನಂತರ ಚಿತ್ರವನ್ನು ನೋಡಿ ತಪ್ಪನ್ನು ಅರಿತ ಜಾಯ್ಸ್ ಅವರು ಯಾವ ನೆವವನ್ನೂ ಹೇಳದೆ ಅದನ್ನು ಒಪ್ಪಿಕೊಂಡು ಆ ಪಿಚರನಲ್ಲಿ ಕ್ಷಮೆ ಬೇಡಿದರು; ಅವನೂ ಕ್ಷಮಿಸಿದನು. ತೀರ್ಪುಗಾರರೂ ಮನುಷ್ಯರೇ. ತಿಳಿದಂತೆ ನಿರ್ಭಯವಾಗಿ ತೀರ್ಪು ಕೊಡುವುದೂ, ತಪ್ಪಿದಾಗ ಒಪ್ಪಿಕೊಳ್ಳುವುದೂ ಒಂದೇ ಗುಣದ ಎರಡು ಮುಖಗಳು.

೨೦೧೩ರ ಆ ಸೋಲಿನಿಂದ ಬಾಸ್ಟನ್ ತಂಡವು ಧೈರ್ಯಗೆಡಲಿಲ್ಲ. ಮುಂದಿನ ಮೂರು ಪಂದ್ಯಗಳನ್ನೂ ಗೆದ್ದು, ಸರಣಿಯನ್ನು ೪-೨ರಿಂದ ತನ್ನದಾಗಿಸಿಕೊಂಡಿತು.

೫. ಓಡುವುದನ್ನು ನಿಲ್ಲಿಸಿದವನ ಕಥೆ

ಮೇಲಿನ ಪ್ರಸಂಗವನ್ನು ಓದಿದ ಹುಡುಗನು, ‘ಅಡ್ಡಿಯಾದರೆ ಸಾಕು, ರನ್ನು ತಾನಾಗಿಯೇ ಸಿಗುತ್ತದೆ’ ಎಂದು ತಿಳಿಯಬಾರದು. ಹಾಗೆ ತಿಳಿದು ಕೆಟ್ಟ ಉದಾಹರಣೆಯೂ ಇದೆ.

೨೦೦೩ರ ಅಕ್ಟೋಬರ್ ೪ರಂದು ಬಾಸ್ಟನ್ನಿನಲ್ಲಿ ಓಕ್‌ಲ್ಯಾಂಡ್ ತಂಡಕ್ಕೂ ಅದೇ ರೆಡ್ ಸಾಕ್ಸ್ ತಂಡಕ್ಕೂ ಪಂದ್ಯವಿತ್ತು. ೫ ಪಂದ್ಯಗಳ ಆ ಸರಣಿಯಲ್ಲಿ ಓಕ್‌ಲ್ಯಾಂಡ್ ೨-೦ಯಿಂದ ಮುಂದಿತ್ತು. ಇನ್ನೊಂದನ್ನು ಗೆದ್ದರೆ ಸರಣಿಯೇ ಅವರದು. ಆರನೆಯ ಸರದಿಯಲ್ಲಿ ಅವರ ಓಟಗಾರ ಮಿಗೆಲ್ ತೆಹಾದಾ ಮೂರನೆಯ ಬೇಸನ್ನು ಬಳಸಿ ಹೋಗುವಾಗ ಬಾಸ್ಟನ್ನಿನ ಬಿಲ್ ಮುಲ್ಲರನಿಗೆ ಡಿಕ್ಕಿಯಾದನು. ಅಂಪೈರರು ಅಡ್ಡಿಯನ್ನು ಸೂಚಿಸಿದರು. ಇನ್ನು ಹೋಮ್ ಪ್ಲೇಟು ತನಗೆ ಸಿಕ್ಕಂತೆಯೇ ಎಂದು ಭಾವಿಸಿದ ತೆಹಾದಾ ಓಟವನ್ನು ನಿಲ್ಲಿಸಿಬಿಟ್ಟನು. ಬಾಸ್ಟನ್ನಿನ ಕ್ಯಾಚರನು ಅವನನ್ನು ಮುಟ್ಟಿದನು. ಅಂಪೈರರು ಅವನನ್ನು ಔಟ್ ಎಂದರು.

ಕಾರಣವನ್ನು ಈಗ ನೀವೇ ಹೇಳಬಲ್ಲಿರಿ. ಡಿಕ್ಕಿಯಾದಾಗ ಅವನನ್ನು ಔಟ್ ಮಾಡುವ ಯತ್ನವು ನಡೆದಿರಲಿಲ್ಲ. ಆದುದರಿಂದ ಅದು ಎರಡನೆಯ ಬಗೆಯ ಅಡ್ಡಿ. ಆ ಬಗೆಯಲ್ಲಿ ಆಟವು ನಿಲ್ಲುವುದಿಲ್ಲ. ಹೋಮ್ ಪ್ಲೇಟು ತಾನಾಗಿ ಸಿಗುವುದೂ ಇಲ್ಲ. ಅಡ್ಡಿಯಿಂದ ಅವನಿಗಾದ ನಷ್ಟವೆಷ್ಟೆಂದು ತೋರಿಸಿಕೊಡಲು ಅವನು ಕೊನೆಯವರೆಗೆ ಓಡಬೇಕಾಗಿತ್ತು. ಓಡದೆ ನಿಂತವನು ಎಲ್ಲಿಗೆ ತಲುಪುತ್ತಿದ್ದನೆಂದು ಅಂಪೈರರು ಹೇಗೆ ನಿರ್ಣಯಿಸಬೇಕು? ಆ ಪಂದ್ಯವನ್ನು ಬಾಸ್ಟನ್ ೧೧ ಸರದಿಗಳಲ್ಲಿ ೩-೧ರಿಂದ ಗೆದ್ದಿತು. ಸರಣಿಯನ್ನೂ ೩-೨ರಿಂದ ಗೆದ್ದಿತು. ಕ್ರೇಗ್ ಬಿದ್ದವನು ಎದ್ದು, ನೋಯುವ ಕಾಲನ್ನು ಎಳೆದುಕೊಂಡು ಪ್ಲೇಟಿನವರೆಗೆ ಓಡಿದನು. ತೆಹಾದಾ ನಡುದಾರಿಯಲ್ಲಿ ನಿಂತನು. ಒಂದೇ ನಿಯಮವು ಒಬ್ಬನಿಗೆ ರನ್ನನ್ನು ಕೊಟ್ಟಿತು, ಇನ್ನೊಬ್ಬನಿಗೆ ಕೊಡಲಿಲ್ಲ.

೬. ಉದ್ದೇಶವನ್ನು ನೋಡುವುದಿಲ್ಲವೇಕೆ?

ಕ್ರಿಕೆಟ್ಟನ್ನು ಬಲ್ಲ ಪಾಲಕರಿಗೆ ಇಲ್ಲಿ ಒಂದು ಸಂಶಯವು ಬರುವುದು ಸಹಜ. ಕ್ರಿಕೆಟ್ ನಿಯಮದ ಪ್ರಕಾರ, ಬ್ಯಾಟರನು ಚೆಂಡನ್ನು ಎದುರಿಸಿದ ಮೇಲೆ ಕ್ಷೇತ್ರರಕ್ಷಕನು ಉದ್ದೇಶಪೂರ್ವಕವಾಗಿ ಬ್ಯಾಟರರ ಗಮನವನ್ನು ಕೆಡಿಸಿದರೆ, ವಂಚಿಸಿದರೆ ಅಥವಾ ತಡೆದರೆ, ಬ್ಯಾಟಿಂಗ್ ತಂಡಕ್ಕೆ ೫ ದಂಡದ ರನ್ನುಗಳು ದೊರೆಯುತ್ತವೆ. ಅಲ್ಲಿ ಅಂಪೈರರು ಮನಸ್ಸನ್ನು ಅಳೆಯಬೇಕು. ಮನಃಪೂರ್ವಕವಾಗಿ ಮಾಡಿದನೆಂದು ನಿಶ್ಚಯವಾದರೆ ದಂಡ, ಇಲ್ಲವಾದರೆ ಇಲ್ಲ. ಆದುದರಿಂದ ಆ ತೀರ್ಪಿನಲ್ಲಿ ಆಟಗಾರನ ನಡತೆಯ ಮೇಲೆ ಒಂದು ಕಲೆಯು ಬೀಳುತ್ತದೆ.

ಬೇಸ್‌ಬಾಲಿನ ಅಡ್ಡಿಯ ನಿಯಮವು ಬೇರೆ ದಾರಿಯನ್ನು ಹಿಡಿದಿದೆ. ಮನಸ್ಸಿನ ಒಳಗನ್ನು ಯಾರು ಕಂಡವರು? ಬೋರಲು ಬಿದ್ದವನು ಏಳಲಾರದೆ ಬಿದ್ದಿದ್ದನೋ, ಏಳಲೊಲ್ಲದೆ ಬಿದ್ದಿದ್ದನೋ, ಅರೆಕ್ಷಣದಲ್ಲಿ ಯಾವ ಅಂಪೈರರೂ ಹೇಳಲಾರರು. ಉದ್ದೇಶವು ಬೇಕೇಬೇಕೆಂದಿದ್ದರೆ, ಜಾಣನಾದವನು ಬಿದ್ದಂತೆ ನಟಿಸಿ ದಾರಿಯನ್ನು ಕಟ್ಟುತ್ತಿದ್ದನು. ಪ್ರಾಮಾಣಿಕನು ಸಂಶಯಕ್ಕೆ ಗುರಿಯಾಗುತ್ತಿದ್ದನು. ಓಟಗಾರನ ನಷ್ಟವಾದರೋ ಎರಡು ಪಕ್ಷದಲ್ಲಿಯೂ ಅಷ್ಟೇ. ಆದುದರಿಂದ ನಿಯಮವು ಕಾಣದ ಮನಸ್ಸನ್ನು ಬಿಟ್ಟು, ಕಾಣುವ ನಷ್ಟವನ್ನು ಮಾತ್ರ ತೂಗುತ್ತದೆ.

ಇದಕ್ಕೆ ಮನೆಯ ಒಂದು ದೃಷ್ಟಾಂತವನ್ನು ಕೊಡುತ್ತೇನೆ. ನಿಮ್ಮ ಮಗನ ಕೈತಪ್ಪಿ ನೆರೆಮನೆಯವರ ಕೊಡವು ಒಡೆಯಿತೆನ್ನಿ. ನೀವು ಹೊಸ ಕೊಡವನ್ನು ತಂದು ಕೊಡುವಿರಿ. ಹಾಗೆ ಕೊಟ್ಟ ಮಾತ್ರಕ್ಕೆ ನಿಮ್ಮ ಮಗನು ಕಿಡಿಗೇಡಿಯೆಂದು ಒಪ್ಪಿಕೊಂಡಂತಾಗುವುದಿಲ್ಲ. ‘ಬೇಕೆಂದು ಒಡೆಯಲಿಲ್ಲ’ವೆಂಬ ಕಾರಣಕ್ಕೆ ನೆರೆಯವರು ನಷ್ಟವನ್ನು ಹೊರಬೇಕಾಗಿಯೂ ಇಲ್ಲ. ಕೊಡವನ್ನು ಕೊಡುವುದು ಬೇರೆ, ತಪ್ಪಿತಸ್ಥನೆನ್ನುವುದು ಬೇರೆ.

೭. ನಿಯಮಗಳು ಬೆಳೆಯುವ ಬಗೆ

ನಿಯಮವೆಂಬುದು ಒಮ್ಮೆ ಕಲ್ಲಿನಲ್ಲಿ ಕೆತ್ತಿ ಮುಗಿಸಿದ್ದಲ್ಲ. ಅನುಭವದಿಂದ ತಿದ್ದಿಕೊಳ್ಳುತ್ತ ಬರುತ್ತದೆ. ಹೋಮ್ ಪ್ಲೇಟಿನ ಬಳಿ ಓಟಗಾರನೂ ಕ್ಯಾಚರನೂ ಬಲವಾಗಿ ಡಿಕ್ಕಿ ಹೊಡೆಯುವುದು ಬಹು ಕಾಲ ಆಟದ ಒಂದು ಭಾಗವೆಂದೇ ನಡೆದು ಬಂದಿತ್ತು. ೨೦೧೧ರ ಮೇ ೨೫ರಂದು ಸ್ಯಾನ್ ಫ್ರಾನ್ಸಿಸ್ಕೋ ತಂಡದ ಕ್ಯಾಚರ್ ಬಸ್ಟರ್ ಪೋಸಿಯು ಅಂತಹ ಒಂದು ಡಿಕ್ಕಿಯಲ್ಲಿ ಕಾಲಿನ ಎಲುಬು ಮುರಿದುಕೊಂಡು ಆ ವರ್ಷದ ಉಳಿದ ಆಟವನ್ನೆಲ್ಲ ಕಳೆದುಕೊಂಡನು. ೨೦೧೪ರಲ್ಲಿ ಹೊಸ ನಿಯಮವು ಬಂದಿತು. ಅದರಂತೆ, ಓಟಗಾರನು ತನ್ನ ನೇರವಾದ ದಾರಿಯನ್ನು ಬಿಟ್ಟು ಕ್ಯಾಚರನಿಗೆ ಡಿಕ್ಕಿ ಹೊಡೆಯಕೂಡದು. ಚೆಂಡು ಕೈಯಲ್ಲಿಲ್ಲದ ಕ್ಯಾಚರನು ಓಟಗಾರನ ದಾರಿಯನ್ನು ಕಟ್ಟಕೂಡದು. ಇಬ್ಬರಿಗೂ ಹೊಣೆಯನ್ನು ಹಂಚಿದರು. ೨೦೨೪ರಿಂದ ಉಳಿದ ಬೇಸುಗಳಲ್ಲಿಯೂ, ಚೆಂಡಿಲ್ಲದೆ ಕಾಲನ್ನೋ ಮೊಣಕಾಲನ್ನೋ ಅಡ್ಡವಿಟ್ಟು ದಾರಿಯನ್ನು ಕಟ್ಟುವವರ ಮೇಲೆ ಅಡ್ಡಿಯ ನಿಯಮವನ್ನು ಹೆಚ್ಚು ಬಿಗಿಯಾಗಿ ಜಾರಿಗೆ ತಂದರು. ಆಟವು ಎಳೆಯ ಎಲುಬುಗಳಿಗಿಂತ ದೊಡ್ಡದಲ್ಲವೆಂಬುದನ್ನು ನಮ್ಮ ಹುಡುಗರೂ ನೆನಪಿನಲ್ಲಿಡತಕ್ಕದ್ದು.

೮. ನಮ್ಮ ಪಂದ್ಯ ಮತ್ತು ತಂದೆಯ ಪ್ರಶ್ನೆ

ಈಗ ನಮ್ಮ ಪಂದ್ಯಕ್ಕೆ ಹಿಂದಿರುಗೋಣ. ನಮ್ಮ ಹುಡುಗನು ಚೆಂಡಿಗಾಗಿ ಹಾರಿದ ಕ್ಷಣದಲ್ಲಿ ದಾರಿ ಅವನದಾಗಿತ್ತು. ಆಗ ಓಟಗಾರನು ಅವನಿಗೆ ಡಿಕ್ಕಿ ಹೊಡೆದಿದ್ದರೆ ಓಟಗಾರನೇ ಔಟಾಗುತ್ತಿದ್ದನು. ಚೆಂಡು ಅವನನ್ನು ದಾಟಿದ ಕೂಡಲೆ ದಾರಿ ಓಟಗಾರನದಾಯಿತು. ಹುಡುಗನು ಇನ್ನೂ ನೆಲದ ಮೇಲಿದ್ದನು. ಓಟಗಾರನು ಮುಗ್ಗರಿಸಿದನು. ಆ ಹೊತ್ತಿಗೆ ಚೆಂಡು ಹೊರಮೈದಾನದಲ್ಲಿದ್ದುದರಿಂದ ಅದು ಎರಡನೆಯ ಬಗೆಯ ಅಡ್ಡಿ. ಅಂಪೈರರು ಆಟವನ್ನು ಮುಂದುವರಿಯಗೊಟ್ಟದ್ದು ಸರಿಯೇ. ಮುಗ್ಗರಿಸದಿದ್ದರೆ ಅವನು ಪ್ಲೇಟನ್ನು ಸೇರುತ್ತಿದ್ದನೆಂದು ಅವರು ನಿರ್ಣಯಿಸಿದರು. ಕೊನೆಗೆ ಕೂದಲೆಳೆಯ ಅಂತರದಲ್ಲಿ ಮುಟ್ಟಿಸಿಕೊಂಡವನಾದುದರಿಂದ ಆ ನಿರ್ಣಯವೂ ಯುಕ್ತವಾದದ್ದೇ. ನಾವು ನ್ಯಾಯವಾಗಿಯೇ ಸೋತೆವು. ಆ ದಿನ ಅಂಪೈರರ ಮೇಲೆ ಕೂಗಾಡಿದವರೂ, ಕೂಗದೆ ಮನಸ್ಸಿನಲ್ಲಿಯೇ ಬೈದುಕೊಂಡ ನನ್ನಂಥವರೂ ಅವರಿಗೆ ಒಂದು ಕ್ಷಮೆಯ ಮಾತನ್ನು ಸಲ್ಲಿಸಬೇಕು.

ಇನ್ನು ತಂದೆಯ ಪ್ರಶ್ನೆ. ಸ್ವಾಮಿ, ನಿಮ್ಮ ಮಗನು ಮೋಸ ಮಾಡಲಿಲ್ಲ. ಹಾಗೆಂದು ಅಂಪೈರರೂ ಹೇಳಲಿಲ್ಲ, ನಿಯಮವೂ ಹೇಳುವುದಿಲ್ಲ. ತನ್ನ ತಂಡಕ್ಕಾಗಿ ಮೈ ಲೆಕ್ಕಿಸದೆ ಹಾರಿದವನು ಅವನು. ಅವನು ಅರಿಯದೆ ಒಬ್ಬನ ದಾರಿಗೆ ತಡೆಯಾದನು. ಆ ತಡೆಯನ್ನು ಅಂಪೈರರು ಲೆಕ್ಕದಿಂದ ತೆಗೆದುಹಾಕಿದರು. ಅಷ್ಟಕ್ಕೆ ಲೆಕ್ಕವು ಮುಗಿಯಿತು. ಮೈದಾನದಲ್ಲಿ ಮುಗಿದ ಲೆಕ್ಕವನ್ನು ಚಾವಡಿಕಟ್ಟೆಯ ಮೇಲೆ ಮತ್ತೆ ತೆರೆಯುವುದು ದೊಡ್ಡವರಾದ ನಮಗೆ ಶೋಭಿಸದು. ಈ ಮಾತನ್ನು ನಾನು ಅಂದೇ ಧೈರ್ಯವಾಗಿ ಹೇಳಬೇಕಾಗಿತ್ತು; ತಡವಾದುದಕ್ಕೆ ಮನ್ನಿಸಬೇಕು.

ವಿದ್ಯಾರ್ಥಿಗಳೇ, ಆಟಕ್ಕಿಳಿಯುವಾಗ ಮೂರು ಮಾತುಗಳನ್ನು ನೆನಪಿಡಿರಿ. ಕ್ಷೇತ್ರರಕ್ಷಣೆಯಲ್ಲಿ ಚೆಂಡು ನಿಮ್ಮನ್ನು ದಾಟಿತೋ, ಕೂಡಲೆ ಎದ್ದು ದಾರಿಯನ್ನು ಬಿಡಿರಿ. ಏಳಲಾಗದಿದ್ದರೆ ದಾರಿಯಿಂದ ಆಚೆಗೆ ಉರುಳಿರಿ. ಓಡುವಾಗ ಅಡ್ಡಿಯಾದರೆ ನಿಲ್ಲಬೇಡಿರಿ, ಅಂಪೈರರ ಮುಖವನ್ನು ನೋಡುತ್ತ ನಿಂತು ದೂರಬೇಡಿರಿ. ಕೊನೆಯ ಬೇಸಿನವರೆಗೂ ಓಡಿರಿ. ತೀರ್ಪು ಬಂದ ಮೇಲೆ ತಲೆಬಾಗಿರಿ; ಸಂಶಯವಿದ್ದರೆ ಪುಸ್ತಕವನ್ನು ತೆರೆಯಿರಿ.

ಆ ಹುಡುಗನು ಈಗ ಮತ್ತೆ ಮೈದಾನಕ್ಕೆ ಬರುತ್ತಿದ್ದಾನೆ. ಮೊನ್ನೆ ಅಭ್ಯಾಸದ ಹೊತ್ತಿನಲ್ಲಿ ಮೂರನೆಯ ಬೇಸಿನ ಬಳಿ ಹಾರಿ ಬಿದ್ದು, ಚೆಂಡು ತಪ್ಪಿದೊಡನೆ ಪಕ್ಕಕ್ಕೆ ಉರುಳಿ ಎದ್ದು ನಿಂತದ್ದನ್ನು ನಾನು ಕಿಟಕಿಯಿಂದ ಕಂಡೆನು.

ಅಭ್ಯಾಸದ ಪ್ರಶ್ನೆಗಳು

೧. ಅಡ್ಡಿಗೂ ಹಸ್ತಕ್ಷೇಪಕ್ಕೂ ಇರುವ ಭೇದವನ್ನು ಒಂದೊಂದು ಉದಾಹರಣೆಯೊಡನೆ ತಿಳಿಸಿರಿ.

೨. ಓಟಗಾರನಿಗೂ ಕ್ಷೇತ್ರರಕ್ಷಕನಿಗೂ ಮೈ ತಾಗದೆ ಅಡ್ಡಿಯಾಗಬಹುದೇ? ಹೇಗೆ?

೩. ಕ್ರೇಗನಿಗೆ ದೊರೆತ ರನ್ನು ತೆಹಾದಾನಿಗೆ ಏಕೆ ದೊರೆಯಲಿಲ್ಲ?

೪. ನಮ್ಮ ಪಂದ್ಯದಲ್ಲಿ ಓಟಗಾರನು ಮುಗ್ಗರಿಸಿದ ಮೇಲೆ ಹೋಮ್ ಪ್ಲೇಟಿನಿಂದ ೪೦ ಅಡಿ ದೂರದಲ್ಲಿಯೇ ಔಟಾಗಿದ್ದರೆ ಅಂಪೈರರ ತೀರ್ಪು ಏನಾಗಬಹುದಾಗಿತ್ತು? ಕಾರಣ ಸಹಿತ ವಿಚಾರಿಸಿರಿ.

೫. ಉದ್ದೇಶವಿಲ್ಲದೆ ಆದ ನಷ್ಟವನ್ನು ತುಂಬಿಕೊಡಬೇಕೇ? ನಿಮ್ಮ ಮನೆಯ ಹಿರಿಯರೊಡನೆ ಚರ್ಚಿಸಿ ಹತ್ತು ವಾಕ್ಯಗಳಲ್ಲಿ ಬರೆಯಿರಿ.